ಹೊಸ ಗಿರಾಕಿಗೆ ಮಾತ್ರ

ನವನಗರದ ದಾಕ್ಷಾಯಿಣಿಗೆ ಹೊಟ್ಟೆಕಿಚ್ಚು ಹೆಚ್ಚು ಎಂದು ಯಾರಾದರೂ ಹೇಳಿದರೆ ಅವಳು ಸುತಾರಾಂ ಒಪ್ಪುವುದಿಲ್ಲ. "ನನಗ ಅನ್ಯಾಯ ಸೈರಸಂಗಿಲ್ರಿ, ಅಷ್ಟ" ಎನ್ನುತ್ತಾಳೆ. ಇರಬಹುದು. ಆದರೆ ಅವಳ ಕಣ್ಣಿಗೆ ಬೀಳುವ ಅನ್ಯಾಯಗಳೆಲ್ಲ ಒಂದೇ ಜಾತಿಯವು. ಬೇರೆಯವರಿಗೆ ಏನೋ ಸಿಕ್ಕಿರುತ್ತದೆ, ಇವಳಿಗೆ ಸಿಕ್ಕಿರುವುದಿಲ್ಲ.

ಹುಟ್ಟಿದ್ದು ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಊರಿನಲ್ಲಿ, ಎರಡನೆಯ ಮಗಳಾಗಿ. ಅಕ್ಕನಿಗೆ ಬರೆಯಲು ಹೊಸ ಪಾಟಿ ತಂದಾಗ ತನ್ನ ಪಾಟಿಯನ್ನು ಕಟ್ಟೆಗೆ ಕುಕ್ಕಿ ಒಡೆದು, ಬಿದ್ದು ಒಡೆಯಿತೆಂದು ಅತ್ತು, ಹೊಸದು ತರಿಸಿಕೊಂಡ ಹುಡುಗಿ ಅವಳು. ಮುಂದೆ ಅದೇ ಅಕ್ಕ ಶಿಕ್ಷಕರ ತರಬೇತಿ ಮುಗಿಸಿ ಸಾಲಿ ಟೀಚರ್ ಆದಳು. ದಾಕ್ಷಾಯಿಣಿಗೂ ಆಸೆಯಿತ್ತು. ಪಿಯುಸಿಯಲ್ಲಿ ಅಕ್ಕನಿಗಿಂತ ಹೆಚ್ಚು ಅಂಕ ಬಂದಿದ್ದವು ಕೂಡ. ಅಷ್ಟರಲ್ಲಿ ಗುರುಪಾದನ ಕಡೆಯವರು ನೋಡಲು ಬಂದರು, ಒಪ್ಪಿದರು, ಮದುವೆ ಆಗಿಹೋಯಿತು. ಗುರುಪಾದ ಅಮರಗೋಳದ ಎಪಿಎಂಸಿ ಯಾರ್ಡಿನಲ್ಲಿ ಒಬ್ಬ ಹತ್ತಿ ವ್ಯಾಪಾರಿಯ ಹತ್ತಿರ ಕೆಲಸಕ್ಕಿದ್ದಾನೆ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಊರಿಗೆ ಹೋದಾಗಲೆಲ್ಲ ಯಾರಾದರೂ ಅಕ್ಕನನ್ನು "ಟೀಚರ್, ಆರಾಮದೀರಿ?" ಎಂದು ಕೇಳಿದರೆ ದಾಕ್ಷಾಯಿಣಿ ಆ ದಿನದ ಊಟ ಅರ್ಧಕ್ಕೇ ಬಿಡುತ್ತಿದ್ದಳು. ಮೂವತ್ತು ವರ್ಷ ಆ ಒಂದು ಶಬ್ದ ಅವಳನ್ನು ಸುಟ್ಟಿತು, ಉತ್ಪ್ರೇಕ್ಷೆಯಲ್ಲ.

ಗಂಡನ ಮನೆಯಲ್ಲಿ ಅವಳಿಗೆ ಸಿಕ್ಕಿದ್ದು ಕಸೂತಿ. ಅತ್ತೆ ರತ್ನವ್ವ ಅದರಲ್ಲಿ ಎತ್ತಿದ ಕೈ. ಸುತ್ತಲಿನ ಎಷ್ಟೋ ಮದುಮಕ್ಕಳ ಸೀರೆಯ ಮೇಲಿನ ಗೋಪುರ, ನವಿಲು, ತುಳಸಿಕಟ್ಟೆ ಎಲ್ಲ ರತ್ನವ್ವನ ಸೂಜಿಯಿಂದ ಇಳಿದವು. ಕಸೂತಿಯಲ್ಲಿ ಅರಿವೆಯ ಮೇಲೆ ಗೆರೆ ಬರೆದುಕೊಳ್ಳುವ ಹಾಗಿಲ್ಲ, ಗಂಟು ಹಾಕುವ ಹಾಗಿಲ್ಲ. ಎಳೆ ಎಣಿಸಿ ಸೂಜಿ ಚುಚ್ಚಬೇಕು, ಗಾವಂತಿ ಹೊಲಿಗೆಯಲ್ಲಿ ಹೋದ ದಾರಿಯಲ್ಲೇ ಹೊರಳಿ ಬರಬೇಕು, ಹಿಂದು ಮುಂದು ಎರಡೂ ಬದಿ ಒಂದೇ ಥರ ಕಾಣಬೇಕು. ಒಂದು ಎಳೆ ತಪ್ಪಿದರೆ ನವಿಲಿನ ಕಾಲು ಕುಂಟುತ್ತದೆ. ರತ್ನವ್ವ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಆರು ವರ್ಷ ಕಲಿಸಿದಳು. ತಪ್ಪಿದಲ್ಲಿ ಬಿಚ್ಚಿಸಿದಳು, ಮತ್ತೆ ಹಾಕಿಸಿದಳು. ಒಂದು ದಿನವೂ ಕೈ ಮೇಲೆ ಹೊಡೆಯಲಿಲ್ಲ, ಮಾತಿನಲ್ಲಿಯೂ ಹೊಡೆಯಲಿಲ್ಲ.

ಲಾಕ್‌ಡೌನ್ ಬಂತು. ಎಲ್ಲರೂ ಮನೆಯಲ್ಲಿ ಕೂತರು. ದಾಕ್ಷಾಯಿಣಿ ಮನೆಗೆ ಇಂಟರ್ನೆಟ್ ಲೈನ್ ಹಾಕಿಸಿದಳು. ನಡುಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಪರದೆಯ ಮೇಲೆ ಕಸೂತಿ ಪಾಠ ಶುರುಮಾಡಿದಳು. ಮೊದಲ ತಿಂಗಳು ಇಬ್ಬರು, ಆಮೇಲೆ ಐವರು, ವರ್ಷ ತುಂಬುವುದರೊಳಗೆ ಹನ್ನೆರಡು ಮಂದಿ. ಮೈಸೂರಿನವಳೊಬ್ಬಳು, ಸೊಲ್ಲಾಪುರದವರಿಬ್ಬರು, ಮಸ್ಕತ್‌ನಿಂದ ಒಬ್ಬಾಕೆ. ಎಲ್ಲರೂ ಅವಳನ್ನು ಕರೆದದ್ದು ಒಂದೇ ಹೆಸರಿನಿಂದ. ಟೀಚರ್. ನಲವತ್ತೆಂಟನೆಯ ವಯಸ್ಸಿಗೆ ಆ ಶಬ್ದ ಕಡೆಗೂ ತನ್ನ ಮನೆಯ ಹೊಸ್ತಿಲು ದಾಟಿ ಬಂತಲ್ಲ ಎಂದು ಅವಳು ಒಳಗೆ ಹೋಗಿ ಅತ್ತದ್ದುಂಟು.

ಆ ಹನ್ನೆರಡು ಮಂದಿಯಲ್ಲಿ ಯಾರೋ ಒಮ್ಮೆ ಕೇಳಿದರು, "ಟೀಚರ್, ನೀವು ಯಾರ ಹತ್ರ ಕಲಿತ್ರಿ?"

"ಯಾರ ಹತ್ರಾನೂ ಇಲ್ರಿ. ನೋಡಿ ನೋಡಿ ತಾನ ಬಂತು" ಎಂದಳು ದಾಕ್ಷಾಯಿಣಿ. ಅತ್ತೆ ಆಗ ಅಲ್ಲೇ ಬಾಗಿಲ ಹತ್ತಿರ ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದಳು. ಸೊಪ್ಪು ಸೋಸಿ ಮುಗಿಸಿ ಒಳಗೆ ಹೋದಳು.

ಅದಾಗಿ ಸ್ವಲ್ಪ ದಿನಕ್ಕೆ ಇನ್ನೊಂದು ಪ್ರಸಂಗ. ಪಾಠ ನಡೆದಿತ್ತು. ದಾಕ್ಷಾಯಿಣಿ ಗೋಪುರದ ಮೂರನೆಯ ಅಂತಸ್ತು ತೋರಿಸುತ್ತಿದ್ದಳು. ಹಿಂದಿನಿಂದ ರತ್ನವ್ವ, "ಎರಡು ಎಳಿ ಬಿಟ್ಟಿ ನೋಡವಾ" ಎಂದಳು. ಹೌದು, ಬಿಟ್ಟಿದ್ದಳು. ಪರದೆಯ ಮೇಲಿದ್ದ ಹೆಂಗಸರೆಲ್ಲ ನಕ್ಕು, "ಯಾರ್ರಿ ಟೀಚರ್ ಅವರು? ಮುಂದ ಬರ್ಲಿ, ನೋಡೂಣು" ಎಂದರು. ದಾಕ್ಷಾಯಿಣಿ ಲೈನ್ ಸರಿ ಇಲ್ಲವೆಂದು ಹೇಳಿ ಪಾಠವನ್ನೇ ಬಂದ್ ಮಾಡಿದಳು. ಆಮೇಲೆ ಅತ್ತೆಯ ಕಡೆ ತಿರುಗಿ, "ಅತ್ತಿ, ಪಾಠದ ಹೊತ್ತಿನ್ಯಾಗ ನೀವು ಒಳಗಿನ ಕ್ವಾಣ್ಯಾಗ ಇರ್ರಿ" ಎಂದಳು. ಮರುದಿನದಿಂದ ನಡುಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಬಿತ್ತು. ರತ್ನವ್ವ ಊಟದ ತಾಟು ತನ್ನ ಕೋಣೆಗೇ ಒಯ್ಯತೊಡಗಿದಳು. ಮುಂದೆ ಎದುರು ಮನೆಗೆ ಸುಲಭಾ ಎಂಬವಳು ಬಂದ ಮೇಲೆ ಮಧ್ಯಾಹ್ನವಾದರೆ ಅವಳ ಕಡೆ ಹೋಗಿ ಕೂಡುವ ರೂಢಿ ಮಾಡಿಕೊಂಡಳು. ಧಾರಾವಾಹಿ ನೋಡಲು ಹೋಗುತ್ತಾಳೆ ಎಂದು ದಾಕ್ಷಾಯಿಣಿ ತಿಳಿದಳು.

ಈ ಸುಲಭಾಳ ವಿಷಯ ಹೇಳಬೇಕು. ಗಂಡ ಸತ್ತೂರಿನ ಕಡೆ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದಾನೆ. ಇವರು ಆ ಓಣಿಗೆ ಬಂದು ಮೂರು ವರ್ಷ ಆಗಿದೆಯಷ್ಟೆ. ಬಂದ ಹೊಸದರಲ್ಲಿ, "ಅಕ್ಕಾರ, ನನಗೂ ಸೂಜಿ ಹಿಡಿಯೂದು ಕಲಸ್ರಿ" ಎಂದು ಬಂದು ಎಂಟು ತಿಂಗಳು ದಾಕ್ಷಾಯಿಣಿಯ ಎದುರು ಚಾಪೆಯ ಮೇಲೆ ಕೂತು ಕಲಿತವಳು. ಅಂಥವಳು ಹೋದ ವರ್ಷ ತಾನೇ ಪರದೆಯ ಮೇಲೆ ಪಾಠ ಶುರುಮಾಡಿದಳು. ಅದೂ ಹೋಗಲಿ, ಕಲಿತವರು ಕಲಿಸುತ್ತಾರೆ. ಆದರೆ ದಾಕ್ಷಾಯಿಣಿಯ ಹನ್ನೆರಡು ಮಂದಿ ಒಬ್ಬೊಬ್ಬರಾಗಿ ಆ ಕಡೆ ಜಾರತೊಡಗಿದರು. ಮೊದಲು ಮಸ್ಕತ್, ಆಮೇಲೆ ಸೊಲ್ಲಾಪುರದ ಇಬ್ಬರೂ ಒಟ್ಟಿಗೆ. ಕಡೆಗೆ ಸೌಮ್ಯಾ ಕೂಡ. ಸೌಮ್ಯಾ ಮೊದಲ ತಿಂಗಳಿಂದ ಇದ್ದ ಹುಡುಗಿ, ದೀಪಾವಳಿಗೆ ಟೀಚರ್‌ಗೆ ಸೀರೆ ಕಳಿಸಿದವಳು.

"ಯಾಕ ಸೌಮ್ಯಾ, ನಾ ಏನರ ಕಡಿಮಿ ಮಾಡಿದ್ನೇನು?" ಎಂದು ದಾಕ್ಷಾಯಿಣಿ ಫೋನು ಮಾಡಿ ಕೇಳಿದಳು.

ಸೌಮ್ಯಾ ತಡವರಿಸಿದಳು. "ಹಂಗೇನಿಲ್ಲ ಟೀಚರ್. ನಿಮ್ಮ ಲೈನ್ ಭಾಳ ನಿಂತು ನಿಂತು ಬರ್ತದಲ್ರಿ, ಅದಕ್ಕ."

ಪಾಪ, ಹುಡುಗಿ ಮರ್ಯಾದೆಗೆ ಹೇಳಿದ ಮಾತು ಅದು. ಆದರೆ ದಾಕ್ಷಾಯಿಣಿಗೆ ಅಷ್ಟೇ ಸಾಕಾಯಿತು, ಏಕೆಂದರೆ ಲೈನ್ ನಿಂತು ನಿಂತು ಬರುತ್ತಿದ್ದುದು ಸುಳ್ಳಲ್ಲ. ತಿಂಗಳ ಮೊದಲ ಹದಿನೈದು ದಿನ ನೆಟ್ಟಗೆ ನಡೆಯುತ್ತಿತ್ತು. ಆಮೇಲೆ ಕಂಪನಿಯವರು ಹಾಕಿದ ಮಿತಿ ಮುಗಿದು, ಮುಂದಿನ ಒಂದನೇ ತಾರೀಖಿನವರೆಗೆ ವೇಗ ನೆಲ ಕಚ್ಚುತ್ತಿತ್ತು. ಸೂಜಿ ಅರಿವೆಯ ಮೇಲೆ ಇದ್ದದ್ದು ಕಾಣುವುದು, ಚಿತ್ರ ಅಲ್ಲಿಯೇ ಗಟ್ಟಿಯಾಗಿ ಕೂಡುವುದು. ಮತ್ತೆ ಚಿತ್ರ ಅಲುಗಾಡಿದಾಗ ಸೂಜಿ ಎಲ್ಲೋ ಹೊರಬಂದಿರುವುದು. ನಡುವೆ ಎಷ್ಟು ಎಳೆ ಹೋದವು ಎಂದು ಎಣಿಸುವವರು ಹೇಗೆ ಎಣಿಸಬೇಕು?

ಎದುರು ಮನೆಯ ಗೋಡೆಯ ಮೇಲೆ ಅದೇ ಕಂಪನಿಯ ಹೊಸ ಪೆಟ್ಟಿಗೆ ಮಿಣುಕುತ್ತಿತ್ತು. ಓಣಿಗೆಲ್ಲ ಹಂಚಿದ ಹಾಳೆಯಲ್ಲಿ ಬರೆದಿತ್ತು. ಐದು ಪಟ್ಟು ವೇಗ, ಮಿತಿ ಇಲ್ಲ, ದರ ಕಡಿಮೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಹೊಸ ಗಿರಾಕಿಗಳಿಗೆ ಮಾತ್ರ.

ದಾಕ್ಷಾಯಿಣಿ ಕಂಪನಿಗೆ ಫೋನು ಹಚ್ಚಿದಳು. ಕನ್ನಡಕ್ಕೆ ಒಂದು ಒತ್ತಿ, ದೂರಿಗೆ ಮೂರು ಒತ್ತಿ, ಹಳೆಯ ಗಿರಾಕಿಗಳು ಎರಡು ಒತ್ತಿ. ಹಳೆಯ ಗಿರಾಕಿಗಳಿಗೆ ಸಂಗೀತ ಹಾಕಿ ಕೂರಿಸುತ್ತಿದ್ದರು. ಒಂದು ದಿನ ಅವಳು ಬೇಕೆಂದೇ ಹೊಸ ಗಿರಾಕಿಯ ಗುಂಡಿ ಒತ್ತಿದಳು. ಎರಡನೆಯ ರಿಂಗಿಗೇ ಒಬ್ಬಳು ಎತ್ತಿ ಜೇನಿನಂಥ ದನಿಯಲ್ಲಿ, "ನಮಸ್ಕಾರ ಮೇಡಂ, ಏನು ಸೇವೆ ಮಾಡಲಿ?" ಎಂದಳು. ನಂಬರು ಕೇಳಿ, ಹಳೆಯ ಗಿರಾಕಿ ಎಂದು ಗೊತ್ತಾದದ್ದೇ ತಡ, "ಎರಡು ಒತ್ತಿ ಮೇಡಂ" ಎಂದು ಇಟ್ಟುಬಿಟ್ಟಳು.

ಚಿಗರಿ ಬಸ್ ಹತ್ತಿ ವಿದ್ಯಾನಗರದ ಅವರ ಆಫೀಸಿಗೇ ಹೋದಳು. ಕೌಂಟರಿನಲ್ಲಿ ಕಲ್ಲೇಶ ಎಂಬವನು ಕೂತಿದ್ದ. ನಲವತ್ತರ ಆಸುಪಾಸು, ಸಮಾಧಾನದ ಮನುಷ್ಯ, ದಿನಾ ಇಂಥವರನ್ನು ಹತ್ತು ಮಂದಿ ನೋಡಿ ನೋಡಿ ರೂಢಿಯಾದವನು.

"ಐದು ವರ್ಷದಿಂದ ನಿಮ್ಮ ಗಿರಾಕಿ ಅದೇನಿ. ಮೊನ್ನೆ ಬಂದಾಕಿಗೆ ಐದು ಪಟ್ಟು ವೇಗ, ನನಗ ಆಮಿ ನಡಗಿ. ಇದು ಯಾವ ನ್ಯಾಯರಿ?"

"ನಿಯಮ ಹಂಗ ಐತ್ರಿ ಅಕ್ಕಾರ. ಆ ಪ್ಲಾನ್ ಹೊಸಬರಿಗೆ."

"ಹಂಗಾರ ನನ್ನದು ಬಂದ್ ಮಾಡ್ರಿ. ನಾಳೆ ಹೊಸಬಳಾಗಿ ಬರ್ತೇನಿ."

"ಅದೂ ಬರಂಗಿಲ್ರಿ. ಒಮ್ಮೆ ಬಂದ್ ಮಾಡಿದ ವಿಳಾಸಕ್ಕ ತೊಂಬತ್ತು ದಿನ ಹೊಸ ಪ್ಲಾನ್ ಕೊಡಂಗಿಲ್ಲ. ಯಜಮಾನರ ಹೆಸರಿಲೇ ಕೇಳಿದ್ರೂ ವಿಳಾಸ ಅದ ಆಕೈತಿ."

ದಾಕ್ಷಾಯಿಣಿ ಕೌಂಟರಿನ ಮೇಲಿನ ಹಾಳೆಯನ್ನು ಪೂರ್ತಿ ಓದಿದಳು. ಹಿಂದಿನ ಬದಿಯನ್ನೂ ಓದಿದಳು. ಇಂಥ ಹಾಳೆಯನ್ನು ಹೀಗೆ ಕೂತು ಓದಿದವರು ಹುಬ್ಬಳ್ಳಿ-ಧಾರವಾಡದಲ್ಲೇ ಅವಳೊಬ್ಬಳು ಇರಬೇಕು.

ಓಣಿಗೆ ಮರಳಿದಾಗ ಸುಲಭಾ ಗೇಟಿನಲ್ಲಿ ನಿಂತಿದ್ದಳು. ಸುದ್ದಿ ಕೇಳಿ, "ಅಕ್ಕಾರ, ಅಷ್ಟಕ್ಕ ಯಾಕ ಓಡಾಡ್ತೀರಿ? ನಮ್ಮ ಲೈನಿನ ಪಾಸ್‌ವರ್ಡ್ ತೊಗೋರಿ. ನಿಮ್ಮ ಪಡಸಾಲಿ ತನಕ ಸಿಗ್ನಲ್ ಬರ್ತದ" ಎಂದಳು.

ಖರೇ ಮನಸ್ಸಿನಿಂದ ಹೇಳಿದ ಮಾತು. ಅದೇ ದಾಕ್ಷಾಯಿಣಿಗೆ ಚುಚ್ಚಿತು. ಕೆಟ್ಟವಳಾಗಿದ್ದರೆ ಬೈದು ಹಗುರಾಗಬಹುದಿತ್ತು. ಇವಳು ಒಳ್ಳೆಯವಳೂ ಆಗಿಬಿಟ್ಟಿದ್ದಾಳಲ್ಲ.

"ಬ್ಯಾಡವಾ. ಒಬ್ಬರ ಲೈನ್ ಇನ್ನೊಬ್ಬರು ವಾಪರಸಬಾರದು ಅಂತ ನಿಯಮದಾಗ ಬರದಾರ, ಹತ್ತೊಂಬತ್ತನೇದು" ಎಂದು ದಾಕ್ಷಾಯಿಣಿ ಒಳಗೆ ನಡೆದಳು. ಬೆಳಗಿನಿಂದ ಕಂಪನಿಯ ನಿಯಮಗಳಿಗೆ ಬೆಂಕಿ ಹಚ್ಚುತ್ತೇನೆ ಎನ್ನುತ್ತಿದ್ದವಳು ಆ ಗಳಿಗೆಗೆ ಕಂಪನಿಯ ದೊಡ್ಡ ಪಕ್ಷಪಾತಿಯಾದಳು.

ಅದೇ ವಾರ ಧಾರವಾಡದ ಒಂದು ಮಹಿಳಾ ಸಂಸ್ಥೆಯಿಂದ ಪತ್ರ ಬಂತು. ಸಂಸ್ಥೆ ಪರದೆಯ ಮೇಲೆ ಕಸೂತಿಯ ಪ್ರಮಾಣಪತ್ರದ ಕೋರ್ಸು ತೆರೆಯಲಿತ್ತು. ಅದಕ್ಕೆ ಒಬ್ಬಳೇ ಶಿಕ್ಷಕಿ ಬೇಕು. ಅರ್ಜಿ ಹಾಕಿದವರಲ್ಲಿ ಇಬ್ಬರನ್ನು ಆರಿಸಿದ್ದರು, ದಾಕ್ಷಾಯಿಣಿ ಮತ್ತು ಸುಲಭಾ. ಬರುವ ತಿಂಗಳ ಇಪ್ಪತ್ತಾರನೇ ತಾರೀಖು, ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ ಇಬ್ಬರೂ ಅವರವರ ಮನೆಯಿಂದಲೇ ಮಾದರಿ ಪಾಠ ಮಾಡಿ ತೋರಿಸಬೇಕು. ಸಂಸ್ಥೆಯ ಅಧ್ಯಕ್ಷೆ ಶಹಜಹಾನಬೇಗಂ ಮೇಡಂ ನೋಡುತ್ತಾರೆ. ಆಯ್ಕೆಯಾದವರ ಹೆಸರಿನ ಹಿಂದೆ ಶಿಕ್ಷಕಿ ಎಂದು ಅಚ್ಚಾಗುತ್ತದೆ. ದಾಕ್ಷಾಯಿಣಿ ಆ ಶಬ್ದದ ಮೇಲೆ ಎರಡು ಸಲ ಬೆರಳಾಡಿಸಿದಳು. ಆಮೇಲೆ ತಾರೀಖು ನೋಡಿದಳು. ಇಪ್ಪತ್ತಾರು. ಅಷ್ಟು ಹೊತ್ತಿಗೆ ತನ್ನ ಲೈನ್ ಸತ್ತು ಹನ್ನೊಂದು ದಿನ ಆಗಿರುತ್ತದೆ.

ಅವತ್ತು ಅವಳು ಆ ನಿಯಮಗಳ ಹಾಳೆಯನ್ನು ಮತ್ತೆ ತೆಗೆದಳು. ಹದಿನಾಲ್ಕನೆಯ ನಿಯಮದಲ್ಲಿ ಒಂದು ಕಿಂಡಿ ಇತ್ತು. ಒಂದೇ ವಿಳಾಸದಲ್ಲಿ ಎರಡು ಕುಟುಂಬ ಬೇರೆ ಬೇರೆ ಅಡುಗೆ ಮಾಡಿಕೊಂಡು ಇದ್ದರೆ, ಎರಡನೆಯ ಕುಟುಂಬವನ್ನು ಹೊಸ ಗಿರಾಕಿ ಎಂದು ಪರಿಗಣಿಸಲಾಗುವುದು. ಬೇರೆ ಗ್ಯಾಸ್ ಬುಕ್ಕು, ಮನೆಯವರ ಸಹಿ, ಸ್ಥಳ ತಪಾಸಣೆ, ಫೋನಿನ ಮೇಲೆ ಖಾತ್ರಿ.

ಗ್ಯಾಸ್ ಬುಕ್ಕು ಇತ್ತು. ಮಾವನ ಕಾಲದ್ದು, ರತ್ನವ್ವನ ಹೆಸರಿಗೆ ವರ್ಗವಾಗಿ ಕಪಾಟಿನಲ್ಲಿ ಹಾಗೇ ಬಿದ್ದಿತ್ತು.

ಗುರುಪಾದ ಊಟಕ್ಕೆ ಕೂತಾಗ ದಾಕ್ಷಾಯಿಣಿ ಹಾಳೆ ಮುಂದೆ ಇಟ್ಟಳು. ಅವನು ಓದಿದ. ತುತ್ತು ಕೈಯಲ್ಲೇ ಉಳಿಯಿತು.

"ಮನಿ ಪಾಲಾಗೇತಿ ಅಂತ ಸಹಿ ಮಾಡಬೇಕಾ? ಅವ್ವ ಬ್ಯಾರೆ ಆಗ್ಯಾಳ ಅಂತ?"

"ಬರೇ ಕಾಗದದ ಮ್ಯಾಲೆ ಅಷ್ಟರಿ."

"ನಮ್ಮ ಮನಿತನದಾಗ ಯಾರೂ ಒಲಿ ಬ್ಯಾರೆ ಮಾಡಿಲ್ಲ, ದಾಕ್ಷಾಯಿಣಿ. ಅಣ್ಣತಮ್ಮರು ಬ್ಯಾರೆ ಆಗೂದು ಕೇಳೇನಿ. ಹೆತ್ತಾಕಿನ್ನ ಬ್ಯಾರೆ ಹಾಕಿದ್ದು ಕೇಳಿಲ್ಲ."

"ಆ ಸುಲಭಾ ಶಿಕ್ಷಕಿ ಆಗಿ ಎದುರಿಗೆ ಅಡ್ಡಾಡೂದನ್ನ ನಾ ಜೀವ ಇರೂತನಕ ನೋಡಬೇಕಾ?" ಎಂದು ದಾಕ್ಷಾಯಿಣಿ ಅತ್ತೇಬಿಟ್ಟಳು. ಐವತ್ಮೂರು ವರ್ಷದ ಹೆಂಗಸು, ತಾಟಿನ ಎದುರು ಕೂತು, ಪಾಟಿ ಒಡೆದ ಹುಡುಗಿಯ ಹಾಗೆಯೇ ಅತ್ತಳು. ಗುರುಪಾದ ಕೈ ತೊಳೆದು ಬಂದು ಸಹಿ ಹಾಕಿದ.

ರತ್ನವ್ವನನ್ನು ಕೇಳಿದಾಗ ಅವಳು, "ಏನು ಮಾಡಬೇಕು ಹೇಳು, ಮಾಡ್ತೇನಿ" ಎಂದಳು.

ಹಿಂದಿನ ಕೋಣೆಯಲ್ಲಿ ಒಂದು ಹಲಗೆ ಹಾಕಿ ಒಂದೇ ಬರ್ನರಿನ ಒಲೆ ಹೂಡಿದರು. ಒಂದು ಹಂಚು, ಎರಡು ಬೋಗುಣಿ, ಖಾರದ ಡಬ್ಬಿ. ಕಲ್ಲೇಶ ತಪಾಸಣೆಗೆ ಬಂದ. ಒಲೆ ನೋಡಿ ಫೋಟೊ ತೆಗೆದುಕೊಂಡ. ಪಕ್ಕದಲ್ಲಿ ಕೂತ ಮುದುಕಿಯನ್ನು ನೋಡಿದ, ಆಮೇಲೆ ದಾಕ್ಷಾಯಿಣಿಯನ್ನು ನೋಡಿದ. ಕೊಟ್ಟ ಚಹಾ ಕುಡಿಯದೇ ಹೋದ.

ಮರುದಿನ ಕಾಯಿಪಲ್ಲೆ ಮಾರುವ ಮಾಶಾಬಿ ಬುಟ್ಟಿ ಇಳಿಸುತ್ತಲೇ ಕೇಳಿದಳು, "ಏನ್ರಿ ಅಕ್ಕಾರ, ಮುದುಕಿಗೆ ಒಲಿ ಬ್ಯಾರೆ ಹಚ್ಚಿ ಕೊಟ್ರಂತ? ಓಣಿ ತುಂಬ ಅದ ಮಾತು." ದಾಕ್ಷಾಯಿಣಿ ಅವತ್ತು ಪಲ್ಲೆ ಕೊಳ್ಳಲೇ ಇಲ್ಲ. ಇದನ್ನೂ ಸುಲಭಾನೇ ಹಬ್ಬಿಸಿರಬೇಕು ಎಂದುಕೊಂಡಳು. ಹಾಗೆ ಅಂದುಕೊಂಡರೆ ಅವಳಿಗೆ ಸ್ವಲ್ಪ ಹಿತವಾಗುತ್ತಿತ್ತು.

ಖಾತ್ರಿಯ ಫೋನು ಶನಿವಾರ ಮಧ್ಯಾಹ್ನ ಬಂತು. "ಬರೇ ಹೌದ್ರಿ ಅನ್ರಿ ಅತ್ತಿ, ಹೆಚ್ಚಿಗಿ ಮಾತು ಬ್ಯಾಡ" ಎಂದು ಹೇಳಿಕೊಟ್ಟು ದಾಕ್ಷಾಯಿಣಿ ಸ್ಪೀಕರ್ ಹಾಕಿದಳು. ಗುರುಪಾದ ಅಲ್ಲಿಯೇ ಪೇಪರ್ ಓದುತ್ತಿದ್ದ.

"ರತ್ನವ್ವ ಅವರೇ, ನೀವು ಮಗನ ಕುಟುಂಬದಿಂದ ಬೇರೆಯಾಗಿ ವಾಸ ಮಾಡುತ್ತಿದ್ದೀರಾ?"

"ಹೌದವಾ" ಎಂದಳು ರತ್ನವ್ವ. ಅಲ್ಲಿಗೆ ನಿಲ್ಲಲಿಲ್ಲ. "ಬ್ಯಾರೆನ ಅದೇನಿ. ಒಬ್ಬಾಕಿನ ಉಣ್ತೇನಿ. ನಡುಮನಿಗೆ ನಾ ಬರೂದಿಲ್ಲ, ಬಾಗಲಾ ಹಾಕಿರ್ತೈತಿ. ಯಾರ ಕೂಡರ ಮಾತಾಡಬೇಕು ಅನ್ನಿಸಿದ್ರ ಎದುರು ಮನಿಗೆ ಹೋಗ್ತೇನಿ."

"ಎಷ್ಟು ದಿನದಿಂದ ಅಮ್ಮಾ?"

"ಮೂರು ವರ್ಷದ ಮ್ಯಾಲಾತು."

ಆ ಕಡೆಯ ಹುಡುಗಿ, "ಧನ್ಯವಾದ ಅಮ್ಮಾ, ಆರೋಗ್ಯ ನೋಡಿಕೊಳ್ಳಿ" ಎಂದು ಇಟ್ಟಳು. ಕಂಪನಿಯವರು ಯಾರಿಗೂ ಹಾಗೆ ಹೇಳಿದ್ದನ್ನು ದಾಕ್ಷಾಯಿಣಿ ಕೇಳಿರಲಿಲ್ಲ. ಅವಳು ಬಾಯಿ ಮುಚ್ಚಿಕೊಂಡು ನಕ್ಕಳು. "ಅಬ್ಬಾ ಅತ್ತಿ, ಏನು ಛಂದ ಹೇಳಿದ್ರಿ. ನಾಟಕದಾಗ ಇರಬೇಕಿತ್ತು ನೀವು." ರತ್ನವ್ವ ಫೋನನ್ನು ಅವಳ ಕೈಗೆ ಕೊಟ್ಟು ಎದ್ದಳು. ಗುರುಪಾದ ಪೇಪರ್ ಮಡಚಿ ಇಟ್ಟು, ಅವ್ವ ಹೋದ ಕಡೆಗೇ ಬಹಳ ಹೊತ್ತು ನೋಡುತ್ತ ಕೂತ.

ಅವತ್ತು ಸಂಜೆ ಹಿಂದಿನ ಕೋಣೆಯಿಂದ ಒಗ್ಗರಣೆಯ ವಾಸನೆ ಬಂತು. ರತ್ನವ್ವ ಆ ಒಲೆಯ ಮೇಲೆ ತನಗಷ್ಟೇ ಅನ್ನ ಸಾರು ಮಾಡಿಕೊಂಡಿದ್ದಳು. "ಅತ್ತಿ, ತಪಾಸಣಿ ಮುಗೀತಲ್ರಿ, ಇನ್ನ ಯಾಕ?" ಎಂದಳು ದಾಕ್ಷಾಯಿಣಿ. "ಇರಲಿ ತಗೋ. ಮತ್ತ ಯಾರರ ನೋಡಾಕ ಬಂದ್ರ?" ಎಂದಳು ರತ್ನವ್ವ. ಗುರುಪಾದ ಹೋಗಿ ಅವ್ವನನ್ನು ಕರೆದ. ಬರಲಿಲ್ಲ. ಅವನೂ ತನ್ನ ತಾಟು ಎತ್ತಿಕೊಂಡು ಹಿಂದಿನ ಕೋಣೆಗೆ ಹೋದ. ದಾಕ್ಷಾಯಿಣಿಗೆ ಅದರ ಮೇಲೂ ಹೊಟ್ಟೆ ಉರಿಯಿತು, ಆದರೆ ತಲೆಯ ತುಂಬ ಗುರುವಾರವೇ ಇತ್ತು.

ಮಂಗಳವಾರ ಹೊಸ ಲೈನ್ ಬಂತು. ಹೊಸ ಪೆಟ್ಟಿಗೆಯನ್ನು ನಡುಮನೆಯಲ್ಲಿ ಅವಳು ಕೂಡುವ ಜಾಗದ ಹಿಂದಿನ ಗೂಡಿನಲ್ಲಿ ಇಟ್ಟು ಹೋದರು. ದಾಕ್ಷಾಯಿಣಿ ಲ್ಯಾಪ್‌ಟಾಪ್ ತೆರೆದು ತನ್ನ ಮುಖ ನೋಡಿಕೊಂಡಳು, ಕೈ ನೋಡಿಕೊಂಡಳು. ಅರಿವೆಯ ಒಂದೊಂದು ಎಳೆಯೂ ಎಣಿಸುವಷ್ಟು ಸ್ಪಷ್ಟ. ಎರಡು ದಿನ ಅವಳ ಮುಖ ನೋಡಬೇಕಿತ್ತು, ಓಣಿಯಲ್ಲಿ ಮಾಶಾಬಿಯನ್ನೂ ಕರೆದು ಮಾತಾಡಿಸಿದಳು.

ಗುರುವಾರ ರತ್ನವ್ವ ಹತ್ತು ಗಂಟೆಗೇ ಸೀರೆ ಬದಲಿಸಿ, "ಸುಲಭಾನ ಮನಿಗೆ ಹೋಗಿ ಬರ್ತೇನಿ" ಎಂದಳು. ಹೋಗಲಿ, ಪಾಠದ ಹೊತ್ತಿಗೆ ಮನೆಯಲ್ಲಿ ಇಲ್ಲದಿದ್ದರೆ ಒಳ್ಳೆಯದೇ ಎಂದು ದಾಕ್ಷಾಯಿಣಿ ತಲೆಯಾಡಿಸಿದಳು.

ಹನ್ನೊಂದಕ್ಕೆ ಪರದೆಯ ಮೇಲೆ ಮೂರು ಚೌಕ ಮೂಡಿದವು. ಒಂದರಲ್ಲಿ ಶಹಜಹಾನಬೇಗಂ ಮೇಡಂ ಮತ್ತು ಸಂಸ್ಥೆಯ ಇನ್ನಿಬ್ಬರು, ಒಂದರಲ್ಲಿ ತಾನು, ಒಂದರಲ್ಲಿ ಸುಲಭಾ. ಸುಲಭಾಳ ಅರ್ಜಿ ಮೊದಲು ತಲುಪಿದ್ದರಿಂದ ಅವಳ ಪಾಠ ಮೊದಲು. ಸುಲಭಾ ನಮಸ್ಕಾರ ಮಾಡಿ, "ಇವತ್ತ ಗೋಪುರ ತೋರಸ್ತೇನ್ರಿ. ಹೇಳೂದು ನಾನು, ಸೂಜಿ ಹಿಡಿಯೂದು ನಮ್ಮ ಅಜ್ಜಿ. ನನ್ನ ಎಲ್ಲಾ ಪಾಠದಾಗೂ ಇವರ ಇರ್ತಾರ" ಎಂದು ಕ್ಯಾಮೆರಾ ತಿರುಗಿಸಿದಳು.

ಕೈಗಳು ಕಂಡವು. ಮುಂಗೈ ಮೇಲೆ ಹಸಿರು ಹಚ್ಚೆ, ಸ್ವಲ್ಪ ಡೊಂಕಾದ ಕಿರುಬೆರಳು. ಉಗುರಿನಿಂದ ಎಳೆ ತಡವಿ ತಡವಿ, ಕಣ್ಣಿನ ಕೆಲಸವನ್ನೂ ಬೆರಳೇ ಮಾಡುವ ಆ ರೀತಿ ಇಡೀ ಜಿಲ್ಲೆಯಲ್ಲಿ ಇನ್ನೊಬ್ಬರಿಗಿಲ್ಲ. ದಾಕ್ಷಾಯಿಣಿಗೆ ಆರು ವರ್ಷ ಸೂಜಿ ಹಿಡಿಸಿದ ಕೈಗಳು. ಮಸ್ಕತ್, ಸೊಲ್ಲಾಪುರ, ಸೌಮ್ಯಾ, ಎಲ್ಲರೂ ಯಾಕೆ ಎದ್ದುಹೋದರು ಎಂಬುದು ಈಗ ಗೊತ್ತಾಯಿತು. ಲೈನಿನ ಹಿಂದೆ ಯಾರೂ ಹೋಗಿರಲಿಲ್ಲ. ಈ ಕೈಗಳ ಹಿಂದೆ ಹೋಗಿದ್ದರು.

ಅತ್ತೆಯ ಮೇಲೆ ಅವಳಿಗೆ ಸಿಟ್ಟು ಬಂತೇ? ಬಂತು. ಆದರೆ ಅದಕ್ಕಿಂತ ಮೊದಲು ಬಂದದ್ದು ಆ ಹಳೆಯ ಉರಿಯೇ. ನನ್ನ ಅತ್ತೆಯನ್ನೂ ತೆಗೆದುಕೊಂಡಳಲ್ಲ. ತಾನೇ ಚಿಲಕ ಹಾಕಿ ಹೊರಗಿಟ್ಟದ್ದು ಬೇರೆಯವರ ಮನೆಯಲ್ಲಿ ಹೊಳೆಯುವುದನ್ನು ನೋಡುವುದು ಬಹಳ ಕಷ್ಟ. ಇಪ್ಪತ್ತು ನಿಮಿಷದಲ್ಲಿ ಚಿತ್ರ ಒಂದು ಸಲವೂ ನಿಲ್ಲಲಿಲ್ಲ. ಪೂರ್ತಿ ನೋಡಬೇಕಾಯಿತು.

ಪಾಠ ಮುಗಿದಾಗ ಶಹಜಹಾನಬೇಗಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇಂಥಾ ಗಾವಂತಿ ಹೊಲಿಗಿ ನೋಡಿ ಎಷ್ಟು ವರ್ಷ ಆಗಿತ್ತು. ನಿಮಗ ಕಲಿಸಿದವರೂ ಇವರೇನು?"

"ನನಗ ಮೊದಲು ಕಲಿಸಿದವರು ದಾಕ್ಷಾಯಿಣಿ ಅಕ್ಕಾರು. ಅವರೂ ಲೈನ್‌ನ್ಯಾಗ ಅದಾರ್ರಿ" ಎಂದಳು ಸುಲಭಾ. ಅವಳ ಚೌಕದಲ್ಲಿ ಈಗ ರತ್ನವ್ವನ ಮುಖವೂ ಕಾಣುತ್ತಿತ್ತು. ಸುಲಭಾ ಕೊಟ್ಟ ಕಪ್ಪಿನಿಂದ ಚಹಾ ಗುಟುಕರಿಸುತ್ತ, ಪರದೆಯ ಮೇಲಿನ ಸೊಸೆಯನ್ನೇ ನೋಡುತ್ತಿದ್ದಳು.

"ಹೌದಾ? ಹಂಗಾರ ದಾಕ್ಷಾಯಿಣಿಯವರ, ಪಾಠ ಶುರು ಮಾಡೂಕಿಂತ ಮೊದಲ ಒಂದು ಮಾತು. ನಿಮಗ ಯಾರು ಕಲಿಸಿದ್ರು?"

ಎರಡು ಶಬ್ದದ ಉತ್ತರ. ನಮ್ಮ ಅತ್ತಿ. ಅಷ್ಟು ಅಂದಿದ್ದರೆ, ಈ ಕೈಗೆ ಮೊದಲ ಶಿಷ್ಯೆ ತಾನು, ತನ್ನ ಶಿಷ್ಯೆ ಸುಲಭಾ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಬಹುಶಃ ಶಿಕ್ಷಕಿಯ ಪಟ್ಟವೂ ಅವಳಿಗೇ ಬರುತ್ತಿತ್ತು. ದಾಕ್ಷಾಯಿಣಿ ಬಾಯಿ ತೆರೆದಳು. ನೋಡಿ ನೋಡಿ ತಾನ ಬಂತು ಎನ್ನಲು, ಎದುರಿಗೆ ರತ್ನವ್ವ ಕೂತಿದ್ದಾಳೆ. ಅತ್ತೆ ಎನ್ನಲು, ಪಕ್ಕದಲ್ಲಿ ಸುಲಭಾ ಕೂತಿದ್ದಾಳೆ. ಎಲ್ಲರೂ ಕಾಯುತ್ತಿದ್ದರು. ದಾಕ್ಷಾಯಿಣಿ ಹಿಂದಕ್ಕೆ ತಿರುಗಿ ಗೂಡಿನಲ್ಲಿದ್ದ ಪೆಟ್ಟಿಗೆಯ ವಾಯರನ್ನು ಕಿತ್ತಳು.

ಐದು ನಿಮಿಷಕ್ಕೆ ಮೇಡಂ ಫೋನು ಮಾಡಿದರು. "ಲೈನ್ ಹೋತ್ರಿ ಮೇಡಂ. ಈ ಕಂಪನಿಯವರದು ಯಾವಾಗ್ಲೂ ಇದ ಹಣೇಬರಹ" ಎಂದಳು ದಾಕ್ಷಾಯಿಣಿ. "ಇರ್ಲಿ ಬಿಡ್ರವಾ" ಎಂದರು ಶಹಜಹಾನಬೇಗಂ. ಇನ್ನೊಂದು ದಿನ ಪಾಠ ಮಾಡಿ ಎನ್ನಲಿಲ್ಲ.

ಊಟಕ್ಕೆ ಬಂದ ಗುರುಪಾದನಿಗೂ ಅವಳು ಅದನ್ನೇ ಹೇಳಿದಳು. ಜೀವಮಾನದಲ್ಲಿ ಯಾರಿಗೂ ಏರಿದ ದನಿಯಲ್ಲಿ ಮಾತಾಡದ ಮನುಷ್ಯ ಅವನು. ಪಡಸಾಲೆಯಲ್ಲಿ ನಿಂತು ಕಂಪನಿಗೆ ಫೋನು ಹಚ್ಚಿ ಬೈಯತೊಡಗಿದ. "ಇದರ ಸಲುವಾಗಿ ಹೆತ್ತ ತಾಯಿನ್ನ ಬ್ಯಾರೆ ಹಾಕೇನಿ ಅಂತ ಸಹಿ ಮಾಡೇನಿ, ಗೊತ್ತೈತೇನು ನಿಮಗ?" ಎನ್ನುತ್ತಿದ್ದ. ಆ ಕಡೆಯವರು, ಲೈನಿನಲ್ಲಿ ದೋಷ ಕಾಣುತ್ತಿಲ್ಲ ಸರ್ ಎಂದು ಮತ್ತೆ ಮತ್ತೆ ಹೇಳುತ್ತಿದ್ದರು.

ಆಗ ರತ್ನವ್ವ ಗೇಟು ತೆಗೆದು ಒಳಗೆ ಬಂದಳು. ಮಗ ಕೂಗುವುದನ್ನು ಒಂದಿಷ್ಟು ಕೇಳಿದಳು. ಆಮೇಲೆ ನಡುಮನೆಗೆ ಬಂದು, ಮೂರು ವರ್ಷದ ಮೇಲೆ ಮೊದಲ ಸಲ, ಸೊಸೆಯ ಎದುರು ಚಾಪೆಯ ಮೇಲೆ ಕೂತಳು.

"ಅವನ್ನ ಸುಮ್ಮನಿರಸು. ಪಾಪ, ಯಾರ್ಯಾರಿಗೋ ಬೈಯಾಕತ್ತಾನ" ಎಂದಳು ಮೆಲ್ಲಗೆ. "ನಿಮ್ಮತ್ತಿ ಕಲಿಸಿದ್ಳು ಅನ್ನಾಕ ಅಷ್ಟು ತ್ರಾಸ ಆತೇನವಾ?"

"ಲೈನ್ ಹೋತ್ರಿ ಅತ್ತಿ."

"ಎಲ್ಲಿ ಹೋಗಿತ್ತು? ನೀ ಹೊಳ್ಳಿದ್ದು, ಕೈ ಚಾಚಿದ್ದು, ವಾಯರ್ ಕಿತ್ತಿದ್ದು, ಎಲ್ಲಾ ಕಾಣಿಸ್ತು."

ದಾಕ್ಷಾಯಿಣಿ ಗೂಡಿನಲ್ಲಿ ಜೋತಾಡುತ್ತಿದ್ದ ವಾಯರಿನ ಕಡೆ ತಿರುಗಿ ನೋಡಿದಳು. ಆಮೇಲೆ ಕೇಳಿದಳು, "ಮೇಡಂಗೂ?"

"ಎಲ್ಲಾರಿಗೂ" ಎಂದಳು ರತ್ನವ್ವ. "ನಿನ್ನ ಕೈಯಾಗಿನ ಗಾಜಿನ ಬಳಿ ಎಷ್ಟದಾವ ಅಂತ ಎಣಸಬಹುದಿತ್ತು, ಅಷ್ಟು ಸ್ವಚ್ಛ."